ದೊಡ್ಡವ್ವನ ಮಗ್ಗುಲು ಬದಲಿಸುವವರು ಯಾರು?

ಕೂಡ್ಲಿಗಿಯಲ್ಲಿ ಲಕ್ವ ಹೊಡೆದು ಮಲಗಿರುವ ದೊಡ್ಡವ್ವನನ್ನು ನೋಡಿಕೊಳ್ಳಲು ಜನ ಬೇಕು. ಮಕ್ಕಳು ಬೆಂಗಳೂರಿನಲ್ಲಿ. ಹೊಸಪೇಟೆ, ದಾವಣಗೆರೆ, ಬೆಂಗಳೂರಿನ ಏಜೆನ್ಸಿಗಳನ್ನು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ತಿಳಿದದ್ದು, ತಿಳಿಯದೇ ಉಳಿದದ್ದು ಎರಡನ್ನೂ ಬರೆದಿಡುತ್ತಿದ್ದೇನೆ.

*

ಎಲ್ಲರೂ ‘ನರ್ಸ್ ಕಳಿಸ್ತೀವಿ’ ಅನ್ನುತ್ತಾರೆ. ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ, ಮೂರು ವರ್ಷದ ಓದು. ಓದಿ ನರ್ಸ್ ಆದವರ ಹೆಸರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಆ ನೋಂದಣಿ ನಂಬರ್ ಕೇಳಿದರೆ ಉತ್ತರ ಬದಲಾಗುತ್ತದೆ: ‘ನರ್ಸ್ ಅಂದ್ರೆ ನೋಡ್ಕೊಳ್ಳೋರು ಸರ್.’ ನಮಗೂ ನೋಡಿಕೊಳ್ಳುವವರೇ ಸಾಕು. ಹಾಗಿದ್ದರೆ ನರ್ಸ್ ರೇಟು ಯಾಕೆ?

*

ಎಟಿಎಂ ಮುಂದೆ ಕೂರುವ ಕಾವಲುಗಾರನನ್ನು ಒದಗಿಸುವ ಏಜೆನ್ಸಿಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಅವನಿಗೆ ತರಬೇತಿ ಆಗಿರಬೇಕು, ಅವನ ಪೂರ್ವಾಪರ ಪರಿಶೀಲನೆ ಆಗಿರಬೇಕು. ದೊಡ್ಡವ್ವನ ಮೈ ತೊಳೆಯುವವರನ್ನು, ಮನೆಯ ಬೀಗದಕೈ ಇಟ್ಟುಕೊಳ್ಳುವವರನ್ನು ಕಳಿಸುವ ಏಜೆನ್ಸಿಗೆ ಅಂಥ ಕೇಂದ್ರ ಕಾಯ್ದೆ ಇಲ್ಲ. 2019ರ ಡಿಸೆಂಬರಿನಲ್ಲಿ ಹಿರಿಯ ನಾಗರಿಕರ ಕಾಯ್ದೆಯ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದಿತ್ತು. ಮನೆ ಆರೈಕೆ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ತರಬೇತಾದವರನ್ನೇ ಇಟ್ಟುಕೊಳ್ಳಬೇಕು ಎಂದು ಅದರಲ್ಲಿತ್ತು. ಪಾಸಾಗಲಿಲ್ಲ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಮಸೂದೆಯೂ ಮುಗಿಯಿತು. ನೋಟಿಗೆ ಇರುವ ಕಾವಲು ಹಾಸಿಗೆ ಹಿಡಿದವರಿಗೆ ಯಾಕಿಲ್ಲ?

*

ನಮ್ಮ ಮನೆಯವರ ಮೊದಲ ಪ್ರಶ್ನೆ: ‘ಯಾವ ಜನ?’ ಎರಡನೆಯದು: ‘ಅಡುಗೀನೂ ಮಾಡ್ತಾಳಂತಾ?’ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ತಲೆ ಎತ್ತರದಲ್ಲಿರದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇವು ಬರುತ್ತವೆಯೇ ಎಂದು ಯಾರೂ ಕೇಳಲಿಲ್ಲ. ಹುಣ್ಣಿಗೆ ಜಾತಿ ಗೊತ್ತಾಗುವುದಿಲ್ಲ ಅಂದೆ. ಅತ್ತಿಗೆ ಮುಖ ತಿರುಗಿಸಿದರು.

*

ತಿಂಗಳ ಹಣ ಏಜೆನ್ಸಿಗೆ. ಬರುವ ಹೆಣ್ಣುಮಗಳ ಕೈಗೆ ಎಷ್ಟು? ‘ಅದು ನಮ್ಮ ಒಳಗಿನ ವಿಷಯ.’ ರಾತ್ರಿಯೆಲ್ಲ ಎದ್ದಿರುವವಳಿಗೆ ವಾರದ ರಜೆ ಉಂಟೆ? ಅದಕ್ಕೂ ಇದೇ ಉತ್ತರ. ನಿದ್ದೆಗೆಟ್ಟವಳ ಕೈಯಲ್ಲಿ ದೊಡ್ಡವ್ವ ಹೇಗೆ ಕ್ಷೇಮವಾಗಿದ್ದಾಳು?

*

ಪಕ್ಕದ ಓಣಿಯ ಹೆಣ್ಣುಮಗಳು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ಆಕೆಯ ಅತ್ತೆ ಇಲ್ಲಿ ಒಬ್ಬಂಟಿ. ನಾವು ಬೆಂಗಳೂರಿನ ಏಜೆನ್ಸಿಯಿಂದ ಕೂಡ್ಲಿಗಿಗೆ ಜನ ಕರೆಸಲು ಓಡಾಡುತ್ತಿದ್ದೇವೆ. ಸೀಮೆಯ ದುಡಿಮೆಯೆಲ್ಲ ಗುಳೆ ಹೋಗಿ, ಹಿರಿಯರು ಮಾತ್ರ ಊರಲ್ಲಿ ಉಳಿದಿದ್ದಾರೆ.

*

ಮುಂಗಡ ಕೊಡುವ ಮುಂಚೆ ಇಷ್ಟನ್ನು ಬರೆಸಿಕೊಳ್ಳಿ: ಬರುವವರ ಆಧಾರ್, ತರಬೇತಿಯ ಪತ್ರ, ಪೊಲೀಸ್ ಪರಿಶೀಲನೆ, ಅವರ ಕೈಗೆ ಸಿಗುವ ಸಂಬಳ, ಅವರು ರಜೆ ಹಾಕಿದ ದಿನ ಬದಲಿಗೆ ಬರುವವರ ಹೆಸರು. ಬಂದವರಿಗೆ ಮೊದಲ ದಿನ ನಿಮ್ಮೆದುರಿಗೇ ಮಗ್ಗುಲು ಬದಲಿಸಲು ಹೇಳಿ. ಹಿರಿಯರ ಮೇಲೆ ಕೈಯೆತ್ತಿದರೆ, ಕಡೆಗಣಿಸಿದರೆ ಸಹಾಯವಾಣಿ 14567. ಈ ನಂಬರನ್ನು ಹಿರಿಯರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.