ಮನೆ ಕೊಳ್ಳುವವರ ಸಂದೇಹಗಳು

ಸಂಸಾರವೊಂದರ ಜೀವಮಾನದ ಉಳಿತಾಯವೆಲ್ಲವೂ ಮನೆಯ ಖರೀದಿಯಲ್ಲಿ ಒಂದೇ ದಿನ ಕೈಬಿಡುವುದು. ಆದರೂ ನಮ್ಮವರು ಗೋಡೆಯನ್ನೂ ನೀರನ್ನೂ ಪರೀಕ್ಷಿಸುವಷ್ಟು ಆಸ್ಥೆಯಿಂದ ಪತ್ರಗಳನ್ನು ಪರೀಕ್ಷಿಸುವುದಿಲ್ಲ.

ಖಾತೆಯಿದ್ದರೆ ಸಾಲದೆ ಎಂದು ಹಲವರು ಕೇಳುವರು. ಸಾಲದು. ಖಾತೆಯೆಂಬುದು ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಬರಿಯ ಕ್ರಯದ ಕರಾರಿನಿಂದ ಹಕ್ಕು ಬಾರದು. ಕ್ರಯಪತ್ರವಿಲ್ಲದೆ ಮುಕ್ತಿಯಾರುಪತ್ರದಿಂದಲೇ ನಡೆಸಿದ ಮಾರಾಟವೂ ಹಕ್ಕನ್ನು ದಾಟಿಸದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿತು.

ಋಣಭಾರ ಪತ್ರವು ನಿರ್ಮಲವಾಗಿದ್ದರೆ? ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುವುವು. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಕಾಣದು. ಆದಕಾರಣ ಮೂಲಪತ್ರದಿಂದ ಇಂದಿನವರೆಗಿನ ಪತ್ರಗಳೆಲ್ಲವನ್ನೂ ವಕೀಲರಿಗೆ ತೋರಿಸತಕ್ಕದ್ದು. 1948ರಲ್ಲಿ ಆರಂಭವಾದ ಜಯನಗರದಂತಹ ಯೋಜಿತ ಬಡಾವಣೆಯಾದರೆ ನಿವೇಶನದ ಮೊದಲ ಹಂಚಿಕೆಯ ಪತ್ರವನ್ನು ಕೇಳಬೇಕು. ಹೊಲವನ್ನು ತುಂಡರಿಸಿದ ಕಂದಾಯ ನಿವೇಶನವಾದರೆ ಭೂಪರಿವರ್ತನೆಯ ಆದೇಶವನ್ನೂ ಬಡಾವಣೆಯ ಮಂಜೂರಾತಿಯನ್ನೂ ನೋಡಬೇಕು.

ಬನಶಂಕರಿಯಲ್ಲಿ ನಾವು ಮೆಚ್ಚಿದ ಮನೆಯೊಂದರ ಮೂಲಪತ್ರವು ಎಷ್ಟು ಕೇಳಿದರೂ ಬರಲಿಲ್ಲ. ನಕಲು ಮಾತ್ರ ಬಂದಿತು. ಅಸಲು ಪತ್ರವು ಸಾಲಕ್ಕೆ ಈಡಾಗಿ ಬೇರೆಡೆ ಇರಬಹುದೆಂದು ವಕೀಲರು ಎಚ್ಚರಿಸಿದರು. ಹಿತ್ತಿಲ ಸಂಪಗೆಯ ಮರದ ಮೇಲೆ ಮನೆಯವರಿಗೆ ಬಹಳ ಆಸೆಯಿದ್ದಿತು. ಆದರೂ ಮುಂಗಡವನ್ನು ಕೊಡದೆ ಹಿಂತಿರುಗಿದೆವು.

"ಇಂದೇ ಮುಂಗಡ ಕೊಡಿ, ನಾಳೆ ಬೇರೆಯವರು ಬರುವರು" ಎಂಬ ಮಾತಿಗೆ ವಾಚಕರು ಮರುಳಾಗಬಾರದು. ಕ್ರಯಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕೆಂದು 1908ರ ನೋಂದಣಿ ಕಾಯಿದೆಯು ವಿಧಿಸಿದೆ. ತ್ವರೆ ಮಾಡಬೇಕಾದುದು ಸಹಿಯ ಅನಂತರ. ಅದಕ್ಕೆ ಮೊದಲು ಸಾವಧಾನವೇ ಲೇಸು.