ಯಾರೂ ತೆರೆಯದ ಇನ್‌ಬಾಕ್ಸ್

ರಾತ್ರಿಪಾಳಿ. ಡೊಂಬಿವಲಿಯಲ್ಲಿ ಎದುರಿನ ಪ್ಲಾಟ್‌ಫಾರಂಗೆ ಬರುವ ಲೋಕಲ್‌ಗಳು ಕಿಕ್ಕಿರಿದಿವೆ, ಠಾಣೆ ಕಡೆಗೆ ಹೊರಟ ನಿಮಗೆ ಕೂರಲು ಜಾಗ ಸಿಗುತ್ತದೆ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯುತ್ತೀರಿ. ಐರೋಲಿ, ರಬಾಳೆ ದಾಟಿ ಘಣಸೋಲಿ. ಅಲ್ಲಿಂದ ಮಹಾಪೆಗೆ ರಿಕ್ಷಾ.

ವೆಬ್ ಹೋಸ್ಟಿಂಗ್ ಕಚೇರಿಯಲ್ಲಿ ನಿಮ್ಮ ಪರದೆಯ ಮೇಲೆ ಕಲ್ಯಾಣದ ಒಂದು ಹೋಟೆಲಿನ ಖಾತೆ. ಜಾಗ ತುಂಬಿದೆ ಎಂಬ ದೂರು. ಸೈಟಿನಲ್ಲಿರುವುದು ತಿಂಡಿಪಟ್ಟಿ, ನಾಲ್ಕು ಫೋಟೊ, ಗಿರಾಕಿಗಳು ಬರೆದು ಕಳಿಸುವ ಒಂದು ಫಾರಂ, ಅಷ್ಟೇ. ಮೇಲ್ ಫೋಲ್ಡರ್ ತೆರೆಯಿರಿ. ಒಂದೊಂದು ಪತ್ರಕ್ಕೂ ಒಂದೊಂದು ಫೈಲು. ಪಟ್ಟಿ ಓಡುತ್ತಲೇ ಇದೆ. ಲಾಟರಿ, ಸಾಲ, ಔಷಧಿ.

ಮಾಲೀಕರು ಈ ಇನ್‌ಬಾಕ್ಸನ್ನು ಕೇಳಿ ಪಡೆದದ್ದಲ್ಲ. ಸೈಟು ನಿರ್ವಹಿಸುವ ಸಾಧನವಾದ ಸಿಪ್ಯಾನೆಲ್‌ನಲ್ಲಿ ಖಾತೆ ತೆರೆದ ಕೂಡಲೇ ಅದೇ ಹೆಸರಿನಲ್ಲಿ ಇದು ತಾನಾಗಿ ಹುಟ್ಟಿಕೊಳ್ಳುತ್ತದೆ. ಖಾತೆಯ ಹೆಸರನ್ನು ಸಾಮಾನ್ಯವಾಗಿ ಡೊಮೇನಿನ ಮೊದಲ ಅಕ್ಷರಗಳಿಂದಲೇ ಮಾಡುವುದರಿಂದ ಸ್ಪ್ಯಾಮ್ ಕಳಿಸುವವನಿಗೆ ಊಹಿಸುವುದು ಕಷ್ಟವಲ್ಲ.

ಕಸದ ನಡುವೆ ಬೇರೆ ಬಗೆಯ ಪತ್ರವೂ ಇದೆ, ನೋಡಿ: ನಿಗದಿತ ಹೊತ್ತಿಗೆ ಸರ್ವರಿನ ಕೆಲಸಗಳನ್ನು ಓಡಿಸುವ ಕ್ರಾನ್ ಬರೆದದ್ದು. ಬ್ಯಾಕಪ್ ಆಗಲಿಲ್ಲ, ಜಾಗವಿಲ್ಲ. ಕೆಳಗೆ ಹೋದರೆ ಅದೇ ಒಕ್ಕಣೆಯ ಇನ್ನೊಂದು, ಮತ್ತೊಂದು. ಯಾರೂ ಓದಿಲ್ಲ. ಈ ಇನ್‌ಬಾಕ್ಸ್ ಇರಬೇಕಾದದ್ದೇ ಇಂಥ ಪತ್ರಗಳಿಗೆ, ಸರ್ವರ್ ತನ್ನೊಳಗೇ ಬರೆದುಕೊಳ್ಳುವ ಪತ್ರಗಳಿಗೆ. ಹೊರಗಿನವರಿಗೆ ಇಲ್ಲಿ ಕೆಲಸವಿಲ್ಲ.

ಮೊದಲು ಕ್ಯಾಚ್-ಆಲ್ ಮುಚ್ಚುತ್ತೀರಿ. ಡೊಮೇನಿನಲ್ಲಿ ಇಲ್ಲದ ಹೆಸರುಗಳಿಗೆ ಬಂದ ಪತ್ರ ಇನ್ನು ಇಲ್ಲಿಗೆ ಬೀಳದು. ಆಮೇಲೆ ಪತ್ರ ಸಾಗಿಸುವ ತಂತ್ರಾಂಶ ಎಕ್ಸಿಮ್‌ಗೆ ಒಂದು ನಿಯಮ: ಈ ವಿಳಾಸಕ್ಕೆ ಬೇರೆ ಯಂತ್ರದಿಂದ ಪತ್ರ ಬಂದರೆ, ವಿಳಾಸ ಹೇಳಿದ ಕ್ಷಣದಲ್ಲೇ 550. 1982ರ ಎಸ್‌ಎಂಟಿಪಿ ನಿಯಮಗಳಲ್ಲೇ ಇರುವ ನಿರಾಕರಣೆ ಅದು. ಒಳಗೆ ತೆಗೆದುಕೊಂಡು ಆಮೇಲೆ ವಾಪಸ್ ಕಳಿಸುವ ಪದ್ಧತಿ ಮಾತ್ರ ಖಂಡಿತ ಬೇಡ. ಸ್ಪ್ಯಾಮಿನಲ್ಲಿ ಕಳಿಸಿದವರ ವಿಳಾಸ ಬಹುಪಾಲು ಕದ್ದದ್ದು. ವಾಪಸ್ ಹೋದದ್ದು ಯಾವನೋ ಅಮಾಯಕನ ತಲೆಗೆ ಬಂದು ಬೀಳುತ್ತದೆ.

ನಿಯಮ ಉಳಿಸುವ ಮುನ್ನ ಕೈ ತಡೆಯಿರಿ. ಆ ಫಾರಂ ಇದೆಯಲ್ಲ? ಅದು ಗಿರಾಕಿಗೆ ಉತ್ತರ ಕಳಿಸುವಾಗ ಹಿಂದಿರುಗುವ ವಿಳಾಸವಾಗಿ ಇದೇ ಇನ್‌ಬಾಕ್ಸನ್ನು ಹಾಕುತ್ತದೆ. ಗಿರಾಕಿ ತನ್ನ ವಿಳಾಸ ತಪ್ಪಾಗಿ ಬರೆದಿದ್ದರೆ ಪತ್ರ ತಲುಪಲಿಲ್ಲ ಎಂಬ ಬೌನ್ಸ್ ಬರುವುದು ಹೊರಗಿನಿಂದ, ಅದಕ್ಕೂ ನಿಮ್ಮ ಬಾಗಿಲು ಮುಚ್ಚಿರುತ್ತದೆ. ಕೆಲವು ಸರ್ವರ್‌ಗಳಂತೂ ಕಳಿಸಿದ ವಿಳಾಸ ಪತ್ರ ಸ್ವೀಕರಿಸುತ್ತದೆಯೇ ಎಂದು ಮರಳಿ ವಿಚಾರಿಸುತ್ತವೆ. 550 ಸಿಕ್ಕರೆ ಹೋಟೆಲಿನ ಉತ್ತರವನ್ನೇ ತಳ್ಳಿಹಾಕುತ್ತವೆ. ಕಾಯ್ದಿರಿಸಿದ ಟೇಬಲ್ಲಿನ ಸುದ್ದಿ ಗಿರಾಕಿಗೆ ಮುಟ್ಟದೇ ಹೋದರೆ ಅದರ ಹೊಣೆ ನಿಮ್ಮದೇ.

ಆದ್ದರಿಂದ ಮೊದಲು ಫಾರಂನ ಹಿಂದಿರುಗುವ ವಿಳಾಸ ಬದಲಿಸಿ, ಮಾಲೀಕರು ದಿನವೂ ನೋಡುವ ಇಮೇಲ್ ಹಾಕುತ್ತೀರಿ. ಕ್ರಾನ್‌ಗೂ ಅದನ್ನೇ ತೋರಿಸುತ್ತೀರಿ. ನಂತರವೇ ನಿಯಮ. ಇಲ್ಲದ ವಿಳಾಸವೊಂದಕ್ಕೆ ಬೇಕೆಂದೇ ಫಾರಂನಿಂದ ಪತ್ರ ಕಳಿಸಿ ನೋಡಿ. ಬೌನ್ಸ್ ಹೋಟೆಲಿನ ಇಮೇಲಿಗೆ ಬಂದಿದೆ. ಲಾಗಿನಲ್ಲಿ ಹೊರಗಿನ ಮೊದಲ 550 ಕೂಡ ಬಿದ್ದಿದೆ. ಕ್ರಾನ್ ಪತ್ರಗಳನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಅಳಿಸಿ, ಬ್ಯಾಕಪ್ ಮತ್ತೆ ಓಡಿಸಿ.