ಸವೆದ ಚರ್ಮ, ಹೊಸ ಹೊದಿಕೆ

ಹಳೆಯ ಕ್ಯಾಮರಾದ ಬೆಲೆ ಬಲ್ಲವರು ಮೊದಲು ಅದರ ಮಸೂರವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅನಂತರ ಷಟರಿನ ಸದ್ದನ್ನು ಆಲಿಸುತ್ತಾರೆ. ಮೈಮೇಲಿನ ಚರ್ಮದ ಕಡೆಗೆ ಗಮನ ಹರಿಯುವುದು ಕೊನೆಗೆ. ಚಿತ್ರ ಮೂಡುವ ಕ್ರಿಯೆಯಲ್ಲಿ ಅದಕ್ಕೆ ಯಾವ ಪಾತ್ರವೂ ಇಲ್ಲವೆಂಬುದು ನಿಜ. ಆದರೆ ಬಳಸಿದವನ ಕೈ ನಿತ್ಯ ಮುಟ್ಟುವುದು ಅದನ್ನೇ. ಅವನ ಗುರುತು ಉಳಿಯುವುದೂ ಅಲ್ಲಿಯೇ.

ತಾಲ್ಲೂಕು ಕೇಂದ್ರವೊಂದರಲ್ಲಿ ಕನ್ನಡ ಅಧ್ಯಾಪಕರಾಗಿದ್ದು ನಿವೃತ್ತರಾದ ಒಬ್ಬರ ಮೇಜಿನ ಮೇಲೆ ಈ ಪ್ರಶ್ನೆ ಒಂದು ಮಳೆಗಾಲವಿಡೀ ಕುಳಿತಿತ್ತು. ಅವರ ಅಣ್ಣ ಅದೇ ಊರಿನಲ್ಲಿ ಫೋಟೊ ಸ್ಟುಡಿಯೋ ನಡೆಸಿದವರು. ಅಣ್ಣ ತೀರಿಕೊಂಡ ಮೇಲೆ ತಮ್ಮನ ಪಾಲಿಗೆ ಬಂದದ್ದು ಜೋಡಿ ಮಸೂರದ ಒಂದು ರೋಲಿಕಾರ್ಡ್. ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಕಂಪನಿ 1950ರ ದಶಕದ ಆರಂಭದಲ್ಲಿ ತಯಾರಿಸಿದ ಮಾದರಿ ಅದು. 120 ಅಳತೆಯ ಒಂದು ಸುರುಳಿಗೆ 12 ಚೌಕ ಚಿತ್ರಗಳು. ಶಾಲೆಗಳ ಗುಂಪುಚಿತ್ರ, ಮದುವೆ, ನಾಮಕರಣ, ಅಪರೂಪಕ್ಕೆ ಊರಾಚೆಯ ವೀರಗಲ್ಲು, ಎಲ್ಲವೂ ಈ ಪೆಟ್ಟಿಗೆಯೊಳಗಿಂದ ಹಾದುಹೋಗಿದ್ದವು.

ಈ ಕ್ಯಾಮರಾವನ್ನು ಕಣ್ಣಿಗೆ ಒತ್ತಿ ಹಿಡಿಯುವುದಿಲ್ಲ. ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಫೋಕಸ್ ಮಾಡುವ, ಫಿಲ್ಮ್ ಸುತ್ತುವ ಗುಬುಟುಗಳು ಈ ಮಾದರಿಯಲ್ಲಿ ಬಲಬದಿಗಿವೆ. ಭಾರವನ್ನು ಹೊರುವುದು ಎಡ ಅಂಗೈ. ಹೀಗಾಗಿ ಎಡಬದಿಯ ಚರ್ಮ ಅಣ್ಣನ ಅಂಗೈಯ ಅಗಲಕ್ಕೆ ಸವೆದು ನುಣುಪಾಗಿತ್ತು. ಒಂದು ಮೂಲೆ ಎದ್ದು ಮುರುಟಿಕೊಂಡಿತ್ತು.

ಷಟರು ಕೈಕೊಟ್ಟಿರದಿದ್ದರೆ ಅವರು ಅದನ್ನು ಮುಟ್ಟುತ್ತಲೂ ಇರಲಿಲ್ಲ. ಹಳೆಯ ಎಣ್ಣೆ ಜಿಡ್ಡುಗಟ್ಟಿ, ಒಂದು ಸೆಕೆಂಡಿಗೆ ಇಟ್ಟರೆ ತೆರೆದುಕೊಂಡು ಹಾಗೆಯೇ ನಿಂತುಬಿಡುತ್ತಿತ್ತು. ಅಲ್ಲಿಗೆ ಕೈ ಹೋಗಬೇಕಾದರೆ ಮುಂಬದಿಯ ಲೋಹಫಲಕ ಕಳಚಬೇಕು. ಅದನ್ನು ಹಿಡಿದಿಟ್ಟ ನಾಲ್ಕು ತಿರುಪುಗಳು ಇರುವುದು ಚರ್ಮದ ಅಡಿಯಲ್ಲಿ. ಹೊದಿಕೆ ಕೇವಲ ಅಲಂಕಾರವಲ್ಲ, ತಿರುಪುಗಳನ್ನು ಮರೆಮಾಡುವ ಮುಚ್ಚಳವೂ ಹೌದು. ವಿಚಿತ್ರವೆಂದರೆ, 1933ರಲ್ಲಿ ಬಂದ ಮೊಟ್ಟಮೊದಲ ರೋಲಿಕಾರ್ಡಿಗೆ ಚರ್ಮವೇ ಇರಲಿಲ್ಲ. ಚಿತ್ತಾರ ಕೊರೆದ ಲೋಹದ ತಗಡುಗಳೇ ಅದರ ಉಡುಪು. ಗೋಡೆಗೆ ಅಂಟಿಸುವ ಹೂಬಳ್ಳಿ ಕಾಗದವನ್ನು ನೆನೆದು ಜರ್ಮನರು ಅದಕ್ಕೊಂದು ಅಡ್ಡಹೆಸರನ್ನೂ ಇಟ್ಟರು. ಚರ್ಮ ಬಂದದ್ದು ಅನಂತರ. ‘ಮೂಲರೂಪ’ ಎಂಬ ಮಾತನ್ನು ಸಂಗ್ರಾಹಕರು ಎಷ್ಟು ಸಲೀಸಾಗಿ ಬಳಸುತ್ತಾರೆ!

ಹೊದಿಕೆಗಳು ಕೆಡುವ ಬಗೆಯೂ ಒಂದೇ ಅಲ್ಲ. ಹಳೆಯ ಲೈಕಾಗಳ ಮೈಗೆ ಹಾಕುತ್ತಿದ್ದುದು ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು. ವಯಸ್ಸಾದಂತೆ ಅದು ಪೆಡಸಾಗಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಯುದ್ಧಾನಂತರದ ಝೈಸ್ ಕಾಂಟ್ಯಾಕ್ಸ್‌ಗಳಲ್ಲಿ ಚರ್ಮ ಚೆನ್ನಾಗಿಯೇ ಇದ್ದು, ಅಡಿಯ ಲೋಹದ ಮೊಳೆಗಳು ಕಿಲುಬುಗಟ್ಟಿ ಉಬ್ಬಿ, ಮೇಲೆ ಬೊಕ್ಕೆ ಎದ್ದಂತೆ ಕಾಣುತ್ತದೆ. ಅಲ್ಲಿ ದೋಷ ಹೊದಿಕೆಯದಲ್ಲ, ಒಳಗಿನದು.

ಚರ್ಮ ಬಿಡಿಸುವ ಕೆಲಸಕ್ಕೆ ಅವಸರ ಸಲ್ಲದು. ಆ ಕಾಲದ ಕ್ಯಾಮರಾಗಳಲ್ಲಿ ಅರಗಿನ ಅಂಟು ಬಳಸಿದ್ದುಂಟು. ಸ್ಪಿರಿಟ್ಟು ತಾಗಿದರೆ ಅದು ಮೆತ್ತಗಾಗುತ್ತದೆ. ಮೇಷ್ಟ್ರು ಅಂಚಿಗೆ ಹನಿಹನಿಯಾಗಿ ಸ್ಪಿರಿಟ್ಟು ಬಿಟ್ಟು, ಬಿದಿರಿನ ತೆಳು ಕಡ್ಡಿಯನ್ನು ತೂರಿಸುತ್ತ ಹೋದರು. ಆದರೂ ಮುಂಬದಿಯ ಚರ್ಮ ಅರ್ಧಕ್ಕೆ ಬರುವಷ್ಟರಲ್ಲಿ ಒಣಗಿದ ಹಪ್ಪಳದಂತೆ ಪುಡಿಯಾಯಿತು. ಅಡಿಯಲ್ಲಿದ್ದ ತಿರುಪುಗಳ ಸೀಳುಗಳು ಆಗಲೇ ಗೀರಿದ್ದವು. ಬೇರೆ ಬಗೆಯ, ಹಳದಿ ಅಂಟಿನ ಕಲೆಯೂ ಅಲ್ಲಿತ್ತು. ಯಾರೋ ರಿಪೇರಿಯವರು ಮೊದಲೇ ಒಮ್ಮೆ ಒಳಹೊಕ್ಕು ಬಂದಿದ್ದರು. ಅಣ್ಣ ಈ ಸಂಗತಿಯನ್ನು ಎಂದೂ ಹೇಳಿರಲಿಲ್ಲ.

ಚೂರುಗಳನ್ನು ಕಾಗದದ ಮೇಲೆ ಜೋಡಿಸಿ, ಅಂಚು ಗೀಚಿಕೊಂಡು ಅಚ್ಚು ತಯಾರಿಸಿದ್ದಾಯಿತು. ಇನ್ನು ಹೊಸ ಹೊದಿಕೆ. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆಯಿರಬೇಕು. ಇಲ್ಲವಾದರೆ ಲೋಹದ ಅಂಚನ್ನು ಮೀರಿ ಎದ್ದು ನಿಲ್ಲುತ್ತದೆ. ಚಪ್ಪಲಿ ಅಂಗಡಿಯ ಚರ್ಮ ದಪ್ಪವಾಯಿತು. ಕೊನೆಗೆ ಒದಗಿದ್ದು ಕಾಲೇಜಿನ ಎದುರಿನ ಬೈಂಡರು. ಮಹಾಪ್ರಬಂಧಗಳಿಗೆ ಹೊದಿಸುವ ಕಪ್ಪು ರೆಕ್ಸಿನ್ನನ್ನು ಹರವುತ್ತ ಆತ, “ಯಾವ ಪುಸ್ತಕಕ್ಕೆ ಮೇಷ್ಟ್ರೇ?” ಎಂದು ಕೇಳಿದ. ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಹೈಡ್ ಊರಿನ ಕಂಪನಿಯೊಂದರ ಕೃತಕ ಚರ್ಮದ ಹೆಸರು. ಇಂದು ಕನ್ನಡದಲ್ಲಿ ಅದು ಸಾಮಾನ್ಯ ನಾಮ. ಬಸ್ಸಿನ ಸೀಟಿಗೂ ಸಂಶೋಧನೆಗೂ ಒಂದೇ.

ಷಟರು ಶುದ್ಧವಾಯಿತು, ಮುಂಬದಿಗೆ ರೆಕ್ಸಿನ್ ಕುಳಿತಿತು. ತೊಡಕು ಎದ್ದದ್ದು ಎಡಬದಿಯ ಮುಂದೆ. ಅಚ್ಚು ಸಿದ್ಧವಿತ್ತು, ಬಟ್ಟೆ ಮಿಕ್ಕಿತ್ತು, ಎಲ್ಲವೂ ಒಂದೇ ಕಪ್ಪಾಗಿ ಕಾಣಬೇಕೆಂಬ ಆಸೆಯೂ ಇತ್ತು. ಅಣ್ಣನ ಮಗಳು ಮಾತ್ರ, “ಚಿಕ್ಕಪ್ಪ, ಅದೊಂದನ್ನು ಮುಟ್ಟಬೇಡಿ” ಎಂದಳು. ಹರಿದದ್ದನ್ನು ಹಾಗೆಯೇ ಬಿಟ್ಟರೆ ಇನ್ನಷ್ಟು ಹರಿಯುತ್ತದೆಂದು ಅವರು ವಾದಿಸಿದರು. ಅದು ಸುಳ್ಳೂ ಅಲ್ಲ. ಆದರೆ ಓಲೆಗರಿಯಲ್ಲಿ ಅಕ್ಷರ ತ್ರುಟಿತವಾದಲ್ಲಿ ತಮ್ಮ ಊಹೆಯನ್ನು ಆವರಣದೊಳಗಿಟ್ಟು ತೋರಿಸಬೇಕೆಂದು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು ಅವರೇ. ಉಳಿದ ಪಾಠವನ್ನು ಅಂದಕ್ಕಾಗಿ ತಿದ್ದುವವನನ್ನು ಅವರು ಸಂಪಾದಕನೆಂದು ಒಪ್ಪಿದವರಲ್ಲ.

ಎದ್ದಿದ್ದ ಮೂಲೆಗಷ್ಟೇ ಅಂಟು ಸವರಿ, ಮೇಲೆ ಸಾಹಿತ್ಯ ಪರಿಷತ್ತಿನ ನಿಘಂಟಿನ ಒಂದು ಸಂಪುಟವನ್ನು ಹೇರಿ ರಾತ್ರಿಯಿಡೀ ಬಿಟ್ಟರು. ಈಗ ಮುಂಬದಿ ಕಡುಗಪ್ಪು, ಎಡಬದಿ ಕಂದುಗಪ್ಪು. ಮಾರಲು ಹೋದರೆ ಬೆಲೆ ಖಂಡಿತ ಇಳಿಯುತ್ತದೆ. ಹೊಸ ಸುರುಳಿ ತುಂಬಿಸಿ ಅವರು ಕ್ಯಾಮರಾವನ್ನು ಅಣ್ಣನ ಮಗಳ ಕೈಗಿತ್ತರು. ಆಕೆ ತಲೆ ಬಾಗಿಸಿ ಗಾಜಿನಲ್ಲಿ ನೋಡಿದಳು. ಅವಳ ಅಂಗೈ ಚಿಕ್ಕದು. ಸವೆದ ಜಾಗದ ಅರ್ಧವನ್ನಷ್ಟೇ ಅದು ಮುಚ್ಚಿತು.